ಅಜ್ಜನ ಕೋವಿಗೆ ಮಣಿ ಇರಲಿಲ್ಲ

ಬರೆಯೋದೋ ಬೇಡವೋ ಅಂತ ಎರಡು ತಿಂಗಳಿಂದ ಅನುಮಾನಿಸ್ತಾ ಇದ್ದ ವಿಷಯ ಇದು. ಹೆಂಡತಿಗೆ ಗೊತ್ತು, ಅಪ್ಪಯ್ಯನಿಗೆ ಗೊತ್ತು, ಇನ್ಯಾರಿಗೂ ಹೇಳಿಲ್ಲ. ಬರೆದುಬಿಟ್ಟರೆ ಸ್ವಲ್ಪ ಹಗುರ ಆಗ್ತೀನೇನೋ ಅನ್ನಿಸಿ ಇವತ್ತು ಕೂತಿದೀನಿ. ಉದ್ದ ಆಗಬಹುದು, ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟುಕೊಂಡೇ ಓದಿ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಒಂಟಿ ನಳಿಗೆಯ ಕೋವಿ ಇತ್ತು. ಬೆಳೆ ರಕ್ಷಣೆಗೆ ಅಂತ ಅಜ್ಜನ ಹೆಸರಲ್ಲಿ ಲೈಸೆನ್ಸು. ನಡುಮನೆ ಗೋಡೆಯಲ್ಲಿ ಎರಡು ಗೂಟದ ಮೇಲೆ ಅದು ಅಡ್ಡ ಮಲಗಿರುತ್ತಿತ್ತು. ಎಲೆಕ್ಷನ್ ಬಂತು ಅಂದ್ರೆ ಅಪ್ಪಯ್ಯ ಅದನ್ನ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಲ್ಲಿ ಹೋಗಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ರಸೀತಿ ತರೋರು. ರಿಸಲ್ಟ್ ಎಲ್ಲ ಬಂದಮೇಲೆ ಮತ್ತೆ ಹೋಗಿ ಬಿಡಿಸಿಕೊಂಡು ಬರೋರು. "ನಮ್ಮನೆ ಕೋವಿ ಓಟು ಹಾಕಕ್ಕೆ ಹೋಗಿದೆ" ಅಂತ ನಾವು ಮಕ್ಕಳು ನಗ್ತಿದ್ವಿ.

ಆ ಕೋವಿಗೆ ಒಂದು ಊನ ಇತ್ತು. ಪಕ್ಕದ ಮನೆಯವರ ಕೋವಿಯ ನಳಿಗೆ ತುದಿಯಲ್ಲಿ ಮೆಣಸಿನಕಾಳಿಗಿಂತ ಸಣ್ಣದೊಂದು ಹಿತ್ತಾಳೆ ಮಣಿ ಇತ್ತು. ಗುರಿ ಹಿಡಿಯೋದು ಅದನ್ನ ನೋಡಿಕೊಂಡೇ. ನಮ್ಮ ಕೋವಿಯಲ್ಲಿ ಆ ಜಾಗ ಬೋಳು. ಕೈಯಾಡಿಸಿದರೆ ಅರದಲ್ಲಿ ಉಜ್ಜಿದ ಹಾಗೆ ತರಿತರಿ. "ಅಜ್ಜಾ, ಇದರ ಮಣಿ ಎಲ್ಲಿ ಹೋಯ್ತು?" ಅಂತ ಒಂದು ಸಲ ಕೇಳಿದ್ದೆ. "ಬಿದ್ದು ಹೋತು" ಅಂದು ಕವಳದ ತಟ್ಟೆ ಎಳಕೊಂಡರು. ಅಷ್ಟೇ. ಅಜ್ಜ ಹೋದಮೇಲೆ ಅಪ್ಪಯ್ಯ ಲೈಸೆನ್ಸನ್ನೂ ಕೋವಿಯನ್ನೂ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ನಾನೂ ಮರೆತೆ.

ಈಗ ಸೀದಾ ಟೆಕ್ಸಾಸಿಗೆ ಬರೋಣ. ಡಲ್ಲಾಸ್ ಪಕ್ಕದ ಒಂದು ಊರಲ್ಲಿ ನಮ್ಮ ಮನೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮಿಂದ ಎರಡು ಮನೆ ಆಚೆ ರಾತ್ರಿ ಕಳ್ಳರು ನುಗ್ಗಿದರು. ಮನೆಯವರು ಒಳಗೇ ಇದ್ದರು, ಅದೇ ಭಯ ಹುಟ್ಟಿಸಿದ್ದು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಮನೆಯ ಹೆಂಗಸು ಬೆಳಗ್ಗೆ ರಸ್ತೆಯಲ್ಲಿ ನಿಂತು ನಡುಗ್ತಾ ಇದ್ದಿದ್ದನ್ನ ನನ್ನ ಹೆಂಡತಿ ನೋಡಿದಳು. ಅವತ್ತಿಂದ ಅವಳು ರಾತ್ರಿ ಎರಡೆರಡು ಸಲ ಎದ್ದು ಬಾಗಿಲು ನೋಡೋಕೆ ಶುರು ಮಾಡಿದಳು. ಸತ್ಯ ಹೇಳಬೇಕಂದ್ರೆ ಮೂರನೇ ಸಲ ಎದ್ದು ನೋಡ್ತಿದ್ದಿದ್ದು ನಾನು :-)

ಇಲ್ಲಿ ಬಂದೂಕು ಕೊಳ್ಳೋದು ತರಕಾರಿ ಕೊಂಡ ಹಾಗೆ ಅಂತ ನಮ್ಮೂರಲ್ಲಿ ಅಂದುಕೊಂಡಿರ್ತಾರೆ. ಪೂರ್ತಿ ಹಾಗೇನೂ ಇಲ್ಲ. ಎಚ್-1ಬಿ ವೀಸಾದಲ್ಲಿರೋರು ಇಟ್ಟುಕೊಳ್ಳೋ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಇರೋ ಥರದ ಕೆಲವು ವಿನಾಯಿತಿ ಬಿಟ್ಟರೆ ಅದು ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಆದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನೋ ಫಾರ್ಮು ತುಂಬಬೇಕು, ಅವರು ನಮ್ಮ ಹಿನ್ನೆಲೆ ಪರೀಕ್ಷೆ ಮಾಡಿಸ್ತಾರೆ. ನಮ್ಮದು ಗ್ರೀನ್ ಕಾರ್ಡ್ ಆಗಿ ಕೆಲವು ವರ್ಷ ಆಗಿತ್ತು. ಕಾಗದದ ಮೇಲೆ ಅಡ್ಡಿ ಇರಲಿಲ್ಲ. ಮನಸ್ಸಲ್ಲಿ ಇತ್ತು, ಅದನ್ನ ಪಕ್ಕಕ್ಕೆ ಸರಿಸಿದೆ.

ನನ್ನ ಟೀಮಿನಲ್ಲಿ ಒಬ್ಬ ಇದ್ದಾನೆ, ಹಿಂದೆ ಮರೀನ್ ಪಡೆಯಲ್ಲಿದ್ದವನು. "ಕೊಳ್ಳೋ ಮುಂಚೆ ಕಲಿ" ಅಂತ ಒಂದು ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಕರಕೊಂಡು ಹೋದ. ಮೊದಲು ಕೈಗೆ ಕೊಟ್ಟಿದ್ದು ಒಂದು ಚರೆ ಕೋವಿ, ತುದಿಯಲ್ಲಿ ಹಿತ್ತಾಳೆ ಮಣಿ. ನೋಡಿದ ಕೂಡಲೇ ಊರ ನೆನಪಾಯ್ತು. ಚರೆ ಕೋವಿಗೆ ಗುರಿಯೇ ಬೇಡ, ಆ ಕಡೆ ತಿರುಗಿಸಿ ಹೊಡೆದರೆ ಸಾಕು ಅಂತ ಸಿನಿಮಾ ನೋಡಿ ತಿಳಿದಿದ್ದೆ. ಅವನು ಏಳು ಗಜ ದೂರದ ಕಾಗದ ತೋರಿಸಿ ಹೊಡಿ ಅಂದ. ಹೊಡೆದೆ. ಎಲ್ಲಾ ಚರೆ ಸೇರಿ ಒಂದು ಅಂಗೈ ಅಗಲದ ತೂತು, ಅಷ್ಟೇ! ಸಾಮಾನ್ಯ ನಳಿಗೆಯಲ್ಲಿ ಗಜಕ್ಕೆ ಹೆಚ್ಚುಕಡಿಮೆ ಒಂದಿಂಚು ಹರಡುತ್ತೆ ಅನ್ನೋದು ಇಲ್ಲಿಯ ಅಂದಾಜು ಲೆಕ್ಕ. ಮನೆಯೊಳಗಿನ ದೂರಕ್ಕೆ ಅದೂ ಗುರಿ ಇಟ್ಟೇ ಹೊಡೀಬೇಕು.

ಕೊನೆಗೆ ನಾನು ಆರಿಸಿದ್ದು ಪಿಸ್ತೂಲು, ಗ್ಲಾಕ್ 19. ಕಾರಣ ಒಂದೇ, ಮಗಳು. ಹಾಸಿಗೆ ಪಕ್ಕದ ಸಣ್ಣ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ನಂಬರ್ ಬೀಗ ಹಾಕಬಹುದು.

ಆಮೇಲೆ ಶುರುವಾಯ್ತು ನೋಡಿ ನನ್ನ ಸೈಟಿನ ಹುಚ್ಚು. ಗುರಿ ಹಿಡಿಯೋಕೆ ನಳಿಗೆ ಮೇಲಿರೋ ಸಾಧನಕ್ಕೆ ಇಲ್ಲಿ ಸೈಟ್ ಅಂತಾರೆ. ಹಿಂದೆ ಒಂದು ಕಚ್ಚು, ಮುಂದೆ ಒಂದು ಸಣ್ಣ ಗೂಟ. ಕಚ್ಚಿನ ಮಧ್ಯೆ ಗೂಟ ಕೂರಬೇಕು, ಎರಡರ ತಲೆ ಸಮ ಇರಬೇಕು, ಅದರ ಮೇಲೆ ಗುರಿ. ಕೇಳೋಕೆ ಸುಲಭ. ಆದರೆ ಕಣ್ಣಿಗೆ ಒಂದೇ ಹೊತ್ತಲ್ಲಿ ಮೂರು ದೂರ ಸ್ಪಷ್ಟವಾಗಿ ಕಾಣಲ್ಲ. ಹಳೇ ಪಾಠ ಏನಂದ್ರೆ, ಮುಂದಿನ ಗೂಟ ಚೊಕ್ಕ ಕಾಣಲಿ, ಉಳಿದಿದ್ದು ಮಂಜಾಗಲಿ. ನನಗೆ ನಲವತ್ತೇಳು, ಚಾಳೀಸು ಬಂದಿದೆ. ಹತ್ತಿರದ್ದು ಕಾಣಬೇಕಂದ್ರೆ ಕನ್ನಡಕದ ಕೆಳಭಾಗದಿಂದ ನೋಡಬೇಕು. ಹಾಗಾಗಿ ಪಿಸ್ತೂಲು ಹಿಡಿದು, ಗದ್ದ ಮೇಲೆತ್ತಿ, ಕೋಳಿ ನೀರು ಕುಡಿದ ಹಾಗೆ ನಿಂತಿದ್ದೆ. ಗೆಳೆಯ ಬಿದ್ದು ಬಿದ್ದು ನಕ್ಕ.

ಅವನೇ ಇನ್ನೊಂದು ಪರೀಕ್ಷೆ ಮಾಡಿಸಿದ. ಎರಡೂ ಅಂಗೈ ಸೇರಿಸಿ ಮಧ್ಯೆ ಸಣ್ಣ ತ್ರಿಕೋನ ಮಾಡಿ, ದೂರದ ಗಡಿಯಾರ ಅದರೊಳಗೆ ಕಾಣೋ ಹಾಗೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಾಗ ಗಡಿಯಾರ ಅಲ್ಲೇ ಇರುತ್ತೋ ಅದು ಯಜಮಾನ ಕಣ್ಣು. ನಾನು ಬಲಗೈಯವನು, ನನ್ನ ಯಜಮಾನ ಕಣ್ಣು ಎಡದ್ದು! ನಲವತ್ತೇಳು ವರ್ಷ ಈ ಕಣ್ಣುಗಳನ್ನ ಇಟ್ಟುಕೊಂಡು ತಿರುಗಿದೀನಿ, ಗೊತ್ತೇ ಇರಲಿಲ್ಲ. ನೀವೂ ಮಾಡಿ ನೋಡಿ, ಇದಕ್ಕೆ ಬಂದೂಕು ಬೇಕಿಲ್ಲ.

ಹತ್ತು ಗಜದಲ್ಲಿ ನನ್ನ ಗುಂಡೆಲ್ಲ ಎಡಕ್ಕೆ ಕೆಳಗೆ ಬೀಳ್ತಿತ್ತು. ಸೈಟ್ ಸರಿಯಿಲ್ಲ ಅಂತ ತೀರ್ಮಾನಿಸಿ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನ ಆ ಕಡೆಗೇ ಸರಿಸಬೇಕು, ಮುಂದಿನದಾದರೆ ಅದಕ್ಕೆ ವಿರುದ್ಧ ದಿಕ್ಕಿಗೆ. ಎಷ್ಟು ಸರಿಸಬೇಕು? ಎರಡು ಸೈಟಿನ ನಡುವೆ ಸುಮಾರು ಆರಿಂಚು. ಹತ್ತು ಗಜ ಅಂದ್ರೆ 360 ಇಂಚು. ಅರವತ್ತು ಪಟ್ಟು. ಗುಂಡು ಒಂದಿಂಚು ಸರಿಯಬೇಕಂದ್ರೆ ಸೈಟು ಇಂಚಿನ ಅರವತ್ತನೇ ಒಂದು ಭಾಗ, ಅಂದ್ರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಸರಿಯಬೇಕು. ಎಷ್ಟು ಖುಷಿಯಾಯ್ತು ಅಂದ್ರೆ ಎಕ್ಸೆಲ್ ಶೀಟ್ ಮಾಡಿಟ್ಟೆ. ಸಾಫ್ಟ್‌ವೇರ್ ಬುದ್ಧಿ ಎಲ್ಲಿಗೆ ಹೋಗುತ್ತೆ!

ಮಾರನೇ ವಾರ ಗೆಳೆಯ ಆ ಶೀಟ್ ನೋಡಲೇ ಇಲ್ಲ. ನನಗೆ ಗೊತ್ತಾಗದ ಹಾಗೆ ಗುಂಡುಗಳ ಮಧ್ಯೆ ಒಂದೆರಡು ಮದ್ದಿಲ್ಲದ ನಕಲಿ ತೋಟಾ ಸೇರಿಸಿ ಕೊಟ್ಟ. ಮೂರನೇ ಸಲ ಕುದುರೆ ಎಳೆದಾಗ ಢಂ ಅನ್ನಲಿಲ್ಲ, ಆದರೆ ನನ್ನ ಕೈ ಮಾತ್ರ ಸದ್ದಿಗೆ ಹೆದರಿ ಕೆಳಗೆ ಎಡಕ್ಕೆ ಧಡಕ್ಕನೆ ಬಾಗಿತು. "ಸೈಟ್ ಸರಿಯಾಗೇ ಇದೆ, ತಿರುಪಬೇಕಾಗಿರೋದು ನಿನ್ನನ್ನ" ಅಂದ. ಮೊದಲು ಗುಂಡೆಲ್ಲ ಒಂದೇ ಕಡೆ ಗುಂಪಾಗಿ ಬೀಳಬೇಕು, ಆಮೇಲೆ ಆ ಗುಂಪನ್ನ ಮಧ್ಯಕ್ಕೆ ತರೋಕೆ ಸೈಟ್ ಮುಟ್ಟಬೇಕು. ಚೆಲ್ಲಾಪಿಲ್ಲಿ ಬೀಳ್ತಿದ್ದರೆ ಸ್ಕ್ರೂಡ್ರೈವರ್ ಒಳಗಿಡಬೇಕು.

ಹುಚ್ಚು ಅಷ್ಟಕ್ಕೆ ಬಿಡಲಿಲ್ಲ. ಕತ್ತಲಲ್ಲಿ ಕಾಣೋ ಸೈಟ್ ಹುಡುಕಿದೆ. ಫೈಬರ್ ಆಪ್ಟಿಕ್ ಅನ್ನೋದು ಹಗಲಲ್ಲಿ ದೀಪದ ಹಾಗೆ ಹೊಳೆಯುತ್ತೆ, ಆದರೆ ಅದಕ್ಕೆ ಹೊರಗಿನ ಬೆಳಕು ಬೇಕು, ಕತ್ತಲಲ್ಲಿ ಸತ್ತುಹೋಗುತ್ತೆ. ಟ್ರಿಟಿಯಂ ತುಂಬಿದ್ದು ತಾನೇ ಹೊಳೆಯುತ್ತೆ, ವಿಕಿರಣ ವಸ್ತು. ಅದರ ಅರ್ಧಾಯುಷ್ಯ 12.3 ವರ್ಷ, ಹಾಗಾಗಿ ವರ್ಷ ಕಳೆದಂತೆ ಮಂಕಾಗುತ್ತೆ. ಇನ್ನೊಂದು ರೆಡ್ ಡಾಟ್, ಸಣ್ಣ ಗಾಜಿನ ಕಿಟಕಿಯಲ್ಲಿ ಒಂದು ಕೆಂಪು ಚುಕ್ಕೆ. ಇದರಲ್ಲಿ ಗೂಟ, ಕಚ್ಚು ಹೊಂದಿಸೋ ಗೋಜಿಲ್ಲ, ಕಣ್ಣು ಗುರಿಯ ಮೇಲೇ ಇದ್ದರಾಯ್ತು. ಚಾಳೀಸಿನವರಿಗೆ ವರದಾನ. ಅದನ್ನೇ ಹಾಕಿಸಿದೆ.

ರೆಡ್ ಡಾಟಿನ ಅಳತೆ ಎಂಓಎ ಅನ್ನೋ ಕೋನದಲ್ಲಿ. ಒಂದು ಎಂಓಎ ಅಂದ್ರೆ 100 ಗಜಕ್ಕೆ ಸುಮಾರು ಒಂದಿಂಚು, ಹತ್ತು ಗಜಕ್ಕೆ ಇಂಚಿನ ಹತ್ತನೇ ಒಂದು ಭಾಗ. ನಂದು ಒಂದು ಕ್ಲಿಕ್‌ಗೆ ಒಂದು ಎಂಓಎ, ಹಾಗಾಗಿ ಹತ್ತು ಗಜದಲ್ಲಿ ಎರಡಿಂಚು ಸರಿಸೋಕೆ ಸುಮಾರು ಇಪ್ಪತ್ತು ಕ್ಲಿಕ್. ಚುಕ್ಕೆ ನಳಿಗೆಗಿಂತ ಒಂದಿಂಚಿನ ಆಸುಪಾಸು ಮೇಲಿರುತ್ತೆ, ಹಾಗಾಗಿ ತೀರಾ ಹತ್ತಿರದಲ್ಲಿ ಗುಂಡು ಚುಕ್ಕೆಗಿಂತ ಸ್ವಲ್ಪ ಕೆಳಗೆ ಬೀಳುತ್ತೆ. ಚುಕ್ಕೆಯ ಬೆಳಕೂ ಹದ ಇರಬೇಕು. ರೇಂಜಿನ ಬೆಳಕಿಗೆ ಇಟ್ಟಿದ್ದು ಮಲಗೋ ಕೋಣೆಯ ಕತ್ತಲಲ್ಲಿ ಕೆಂಡದ ಹಾಗೆ ಅರಳಿ ಎದುರಿಗಿರೋದನ್ನೇ ಮುಚ್ಚಿಬಿಡುತ್ತೆ. ಕತ್ತಲಿಗೆ ಇಟ್ಟಿದ್ದು, ಬಿಳೀ ಗೋಡೆ ಮೇಲೆ ಟಾರ್ಚ್ ಬಿದ್ದರೆ ಮಾಯ. ಟಾರ್ಚ್ ಹಾಕಿಯೇ ನೋಡಿ ಹೊಂದಿಸಬೇಕು.

ಹೆಂಡತಿ, ಮಗಳು ದೇವಸ್ಥಾನಕ್ಕೆ ಹೋದಾಗ ಟೇಪ್ ಹಿಡಿದು ಮನೆಯೆಲ್ಲ ಅಳೆದೆ. ನಮ್ಮ ಕೋಣೆ ಬಾಗಿಲಿಂದ ಮೆಟ್ಟಿಲ ತಲೆಗೆ ನಾಲ್ಕು ಗಜ. ಮೆಟ್ಟಿಲ ತಲೆಯಿಂದ ಕೆಳಗೆ ಅಡುಗೆಮನೆ ಕಟ್ಟೆಗೆ ಏಳು ಗಜ. ಏಳು ಗಜಕ್ಕೆ ಗೂಟ ಕಚ್ಚಿನೊಳಗೆ ಒಂದು ಮಿಲಿಮೀಟರ್ ಆಚೀಚೆ ಆದರೂ ಗುಂಡು ತಪ್ಪೋದು ನಾಲ್ಕು ಸೆಂಟಿಮೀಟರ್. ಅಂದ್ರೆ ಇಷ್ಟು ದಿನ ನಾನು ಒದ್ದಾಡಿದ ನಿಖರತೆ ಮನೆಯೊಳಗೆ ಬೇಕಾಗೇ ಇರಲಿಲ್ಲ. ಆದರೂ ಒದ್ದಾಡಿದೆ, ಯಾಕಂದ್ರೆ ತಿರುಪು ತಿರುಗಿಸ್ತಾ ಇದ್ದಷ್ಟು ಹೊತ್ತು ಭಯ ಇರ್ತಿರಲಿಲ್ಲ. ಇದು ನನಗೆ ಹೊಳೆದಿದ್ದು ಆಮೇಲೆ.

ಅಕ್ಟೋಬರ್‌ನಲ್ಲಿ ಅಪ್ಪಯ್ಯ ಬಂದರು. ಅಮ್ಮ ಹೋದಮೇಲೆ ಮೊದಲ ಸಲ, ಒಬ್ಬರೇ. ಎಪ್ಪತ್ತಾರು ವರ್ಷ, ಎರಡು ವಿಮಾನ ಬದಲಾಯಿಸಿಕೊಂಡು. ಮೆಟ್ಟಿಲು ಹತ್ತೋದು ಕಷ್ಟ ಅಂತ ಕೆಳಗಿನ ಕೋಣೆಯಲ್ಲಿ ಅವರ ಹಾಸಿಗೆ. ಜೆಟ್ ಲ್ಯಾಗಿಗೆ ಹಗಲೆಲ್ಲ ತೂಕಡಿಕೆ.

ಮೂರನೇ ರಾತ್ರಿ. ಹೆಂಡತಿ ನನ್ನ ತೋಳು ಅಲ್ಲಾಡಿಸಿದಳು. "ರೀ... ಕೆಳಗೆ ಯಾರೋ ಓಡಾಡ್ತಿದಾರೆ."

ಹೇಗೆ ಹೇಳಲಿ... ಆರೇಳು ತಿಂಗಳಿಂದ ಮನಸ್ಸು ಕಾಯ್ತಾ ಇದ್ದಿದ್ದು ಆ ಒಂದು ಮಾತಿಗೇ. ನಿದ್ದೆಗಣ್ಣು, ಎದೆ ಡವಡವ. ಅಪ್ಪಯ್ಯ ಮನೆಯಲ್ಲಿದ್ದಾರೆ ಅನ್ನೋದು ನನ್ನ ತಲೆಯಲ್ಲಿ ಇರಲೇ ಇಲ್ಲ. ನಂಬ್ತೀರೋ ಇಲ್ಲವೋ, ಇರಲಿಲ್ಲ. ಆ ಮನೆಯಲ್ಲಿ ನಾವು ಮೂರೇ ಜನ ಅನ್ನೋದು ಹತ್ತು ವರ್ಷದ ಅಭ್ಯಾಸ. ಬೆರಳು ತಾನೇ ಪೆಟ್ಟಿಗೆಯ ನಂಬರ್ ಒತ್ತಿತು. ನಾಲ್ಕು ಗಜ ನಡೆದು ಮೆಟ್ಟಿಲ ತಲೆಯಲ್ಲಿ ನಿಂತೆ.

ಕೆಳಗೆ ಅಡುಗೆಮನೆ ಕಟ್ಟೆ ಹತ್ತಿರ ಒಂದು ಆಕೃತಿ. ಮೈಕ್ರೋವೇವ್ ಗಡಿಯಾರದ ಹಸಿರು ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಮುಖ ಮುಚ್ಚಿದ ಟೋಪಿ. ಡ್ರಾ ಎಳೆದು ಹುಡುಕ್ತಾ ಇದೆ. ನನ್ನ ಕೈ ಮೇಲೆದ್ದಿತ್ತು. ಚುಕ್ಕೆ ಆ ಆಕೃತಿಯ ಎದೆ ಮೇಲೆ ಕೂತಿತ್ತು. ಎಷ್ಟು ಸ್ಥಿರವಾಗಿ ಕೂತಿತ್ತು ಅಂದ್ರೆ, ರೇಂಜಿನಲ್ಲಿ ಯಾವತ್ತೂ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಬೆಳಕಿನ ಹದ ಸರಿ, ದೂರ ಸರಿ, ಕೈ ಅಲ್ಲಾಡ್ತಿಲ್ಲ. ಬೆರಳು ಕುದುರೆಯ ಹೊರಗಿತ್ತು, ಗೆಳೆಯ ಸಾವಿರ ಸಲ ಬೈದು ಕಲಿಸಿದ್ದು ಅದೊಂದು.

ಆಕೃತಿ ದೊಡ್ಡದಾಗಿ ಆಕಳಿಸಿತು. ಆಕಳಿಕೆ ಕೊನೆಯಲ್ಲಿ, "ಶಿವ ಶಿವಾ..."

ಅಪ್ಪಯ್ಯನ ಆಕಳಿಕೆ. ನಾನು ಹುಟ್ಟಿದಾಗಿನಿಂದ ಕೇಳಿದ್ದು. ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡಿದ್ದರು.

ಹಿಂದೆ ಹಿಂದೆ ನಡೆದು ಕೋಣೆಗೆ ಬಂದೆ. ಪಿಸ್ತೂಲು ಪೆಟ್ಟಿಗೆಯಲ್ಲಿಟ್ಟೆ, ಬೀಗ ಬಿದ್ದಿದೆಯಾ ಅಂತ ನಾಲ್ಕು ಸಲ ನೋಡಿದೆ. ಆಮೇಲೆ ಬಚ್ಚಲ ನೆಲದ ಮೇಲೆ ಕೂತೆ. ಹೆಂಡತಿ "ಏನಾಯ್ತು, ಯಾರು?" ಅಂತ ಕೇಳ್ತಾನೇ ಇದ್ದಳು. ಹೇಳೋಕೆ ಬಾಯಿ ಬರಲಿಲ್ಲ. ಆಗ ಶುರುವಾಯ್ತು ಕೈ ನಡುಕ.

ಸ್ವಲ್ಪ ಹೊತ್ತಾದ ಮೇಲೆ ಕೆಳಗೆ ಹೋದೆ, ದೀಪ ಹಾಕಿಕೊಂಡು. "ಎಚ್ಚರ ಆತಾ? ಕಾಫಿಪುಡಿ ಎಲ್ಲಿಟ್ಟಿದಾಳೆ ಮಾರಾಯ, ನಿದ್ದೆನೇ ಬರ್ಲಿಲ್ಲ" ಅಂದರು. ಕಾಫಿ ಮಾಡಿ ಕೊಟ್ಟೆ. ನನ್ನ ಕೈ ನೋಡಿ "ಎಂತ ಆತೋ? ಜ್ವರನಾ?" ಅಂದರು. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಎಲ್ಲಾ. ಕಳ್ಳತನದಿಂದ ಹಿಡಿದು ಚುಕ್ಕೆಯವರೆಗೆ.

ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಲೋಟ ಕೆಳಗಿಟ್ಟು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಜ್ಜನ ಕೋವಿಗೆ ಮಣಿ ಇರ್ಲಿಲ್ಲ, ನೆನಪಿದೆಯನಾ?" ಅಂದರು.

ಅದು 1971ರ ಮಾತಂತೆ. ತೋಟದ ಕೆಳಗಿನ ಗದ್ದೆಗೆ ದಿನಾ ಹಂದಿ. ಅಜ್ಜ ಮಾಳದಲ್ಲಿ ಕೂತು ಕಾಯೋರು. ಒಂದು ರಾತ್ರಿ ಬೇಲಿ ಪಕ್ಕ ಪೊದೆ ಅಲುಗಿತು, ಕಪ್ಪು ಬೆನ್ನು ಕಂಡಿತು, ಹೊಡೆದರು. ಅಜ್ಜನ ಗುರಿ ಊರಿಗೇ ಹೆಸರಾಗಿತ್ತಂತೆ, ತಪ್ಪಲಿಲ್ಲ. ಲಾಟೀನು ಹಿಡಿದು ಹೋಗಿ ನೋಡಿದರೆ ನಮ್ಮನೆ ಕಡಸು. ಚೊಚ್ಚಲ ಗಬ್ಬ. ಸಂಜೆ ಕೊಟ್ಟಿಗೆಗೆ ಕಟ್ಟುವಾಗ ಹಗ್ಗ ಸಡಿಲ ಬಿಟ್ಟಿದ್ದು ಇದೇ ಅಪ್ಪಯ್ಯ. ಅಪ್ಪಯ್ಯನಿಗೆ ಅಜ್ಜ ಒಂದು ಮಾತೂ ಆಡಲಿಲ್ಲ. ಬೆಳಗ್ಗೆ ಜಗಲಿಯಲ್ಲಿ ಕೂತು, ಅರ ತಗೊಂಡು, ಕೋವಿಯ ಮಣಿ ಉಜ್ಜಿ ತೆಗೆದರು. ಅಲ್ಲಿಂದ ಮುಂದೆ ಆ ಕೋವಿ ಆಕಾಶಕ್ಕೆ ಮಾತ್ರ. ಸದ್ದಿಗೇ ಹಂದಿ ಓಡ್ತಿತ್ತಂತೆ.

"ಕತ್ತಲಲ್ಲಿ ಕೋವಿ ಎತ್ತಿ ಹಿಡಿದ್ರೆ ಕಾಣದೆಲ್ಲಾ ಹಂದಿನೇ" ಅಂದರು ಅಪ್ಪಯ್ಯ. "ಮಣಿ ಇರೋದು ಎಲ್ಲಿ ಹೊಡಿಬೇಕು ಅಂತ ಹೇಳಕ್ಕೆ. ಯಾರಿಗೆ ಅಂತ ಅದು ಹೇಳದಿಲ್ಲ."

ಎದುರಿಗಿರೋದು ಏನು, ಅದರ ಹಿಂದೆ ಏನಿದೆ ಅಂತ ಖಚಿತ ಆಗೋವರೆಗೆ ಬಂದೂಕು ಎತ್ತಬೇಡ ಅನ್ನೋದು ರೇಂಜಿನ ಗೋಡೆ ಮೇಲೂ ಬರೆದಿತ್ತು. ಪ್ರತಿ ಶನಿವಾರ ಅದರ ಕೆಳಗೇ ನಿಂತು ಸೈಟ್ ತಿರುಪ್ತಿದ್ದೆ. ಓದಿದ್ದೆ, ಕೇಳಿಸಿಕೊಂಡಿರಲಿಲ್ಲ. ಹೊಳೆಯೋ ಸೈಟಿಗೆ ಅಷ್ಟು ದುಡ್ಡು ಸುರಿದವನು, ಗೋಡೆಯಲ್ಲಿದ್ದ ಸ್ವಿಚ್ಚು ಒತ್ತಲಿಲ್ಲ. ಅದು ನನ್ನ ಎಡಗೈಗೆ ಒಂದು ಗೇಣು ದೂರದಲ್ಲಿತ್ತು. ಒಂದು ಸಲ "ಯಾರದು?" ಅಂತ ಕೂಗಲಿಲ್ಲ. ಆ ಕಟ್ಟೆ ಹಿಂದಿನ ಗೋಡೆ ಬರೀ ಜಿಪ್ಸಂ ಹಲಗೆ, ಗುಂಡು ದಾಟಿ ಹೋಗುತ್ತೆ.

ಆ ವಾರವೇ ಮೆಟ್ಟಿಲಿಗೆ, ಅಡುಗೆಮನೆಗೆ ಯಾರಾದರೂ ಓಡಾಡಿದರೆ ತಾನೇ ಹತ್ತಿಕೊಳ್ಳೋ ದೀಪ ಹಾಕಿಸಿದೆ. ಮುಂಬಾಗಿಲ ಚಿಲಕದ ತಗಡಿಗೆ ಬಿಲ್ಡರ್ ಹಾಕಿದ್ದ ಮೋಟು ಸ್ಕ್ರೂ ತೆಗೆದು ಚೌಕಟ್ಟಿನ ಆಚೆಗೂ ಹೋಗೋ ಮೂರಿಂಚಿನ ಸ್ಕ್ರೂ ಹಾಕಿದೆ. ರಾತ್ರಿ ಸದ್ದಾದರೆ ಮೊದಲು ಮನೆಯಲ್ಲಿ ಎಷ್ಟು ಜನ ಇದ್ದೀವಿ ಅಂತ ಎಣಿಸೋದು, ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳೋದು, 911ಕ್ಕೆ ಫೋನ್ ಮಾಡೋದು ಅಂತ ನಾನು, ಹೆಂಡತಿ ಕೂತು ಮಾತಾಡಿಕೊಂಡಿದೀವಿ. ಈಗ ಅವಳು ರಾತ್ರಿ ಒಂದೇ ಸಲ ಏಳ್ತಾಳೆ.

ಪಿಸ್ತೂಲು? ಅದು ಗೆಳೆಯನ ಮನೆಯ ಕಪಾಟಿನಲ್ಲಿದೆ. ಮಾರಿಬಿಡು ಅಂತ ಹೆಂಡತಿ ಹೇಳ್ತಾಳೆ. ಇಟ್ಟುಕೊಳ್ಳೋರೆಲ್ಲ ತಪ್ಪು ಅಂತ ನಾನು ಹೇಳ್ತಿಲ್ಲ. ಆ ಗೆಳೆಯನಂಥ ಶಿಸ್ತಿನ ಮನುಷ್ಯರನ್ನೂ ನೋಡಿದೀನಿ. ನಾನು ಅಂಥವನಲ್ಲ ಅಂತ ಮಾತ್ರ ಗೊತ್ತಾಯ್ತು.

ಅಪ್ಪಯ್ಯ ಡಿಸೆಂಬರ್‌ನಲ್ಲಿ ಊರಿಗೆ ಹೋದರು. ಹೋಗುವಾಗ ಮಂಕಿ ಕ್ಯಾಪ್ ಇಲ್ಲೇ ಮರೆತಿದ್ದಾರೆ. ಕಳಿಸಲಾ ಅಂತ ಫೋನಲ್ಲಿ ಕೇಳಿದೆ. "ಅಲ್ಲೇ ಇರ್ಲಿ, ಮುಂದಿನ ಸಲಕ್ಕಾತು" ಅಂದರು. ಮುಂದಿನ ಸಲ ಬರ್ತೀನಿ ಅಂದರಲ್ಲ, ಅಷ್ಟು ಸಾಕಾಯ್ತು ನನಗೆ. ಕೆಳಗಿನ ಕೋಣೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿಟ್ಟಿದೀನಿ.

ಮಲೆನಾಡಿನ ಕಡೆಯವರು, ಕೊಡಗಿನವರು ಇದನ್ನ ಓದ್ತಿದ್ದರೆ, ನಿಮ್ಮ ಮನೆ ಗೋಡೆಯಲ್ಲೂ ಒಂದು ಕೋವಿ ಇದ್ದಿರುತ್ತೆ. ಅದರ ಹಿಂದೆ ಹಿರಿಯರು ಹೇಳದೇ ಉಳಿಸಿದ ಕಥೆಯೂ ಇರಬಹುದು. ಅವರು ಇದ್ದಾಗಲೇ ಒಂದು ಸಲ ಕೇಳಿ ನೋಡಿ.